ನಮ್ಮ ಮಕ್ಕಳಿಗೆ ಓದು ಯಾಕೆ ಹತ್ತುತ್ತಿಲ್ಲ?

(ಕುರುಗೋಡಿನ ಕೇರಿಯಲ್ಲಿ ಪಾಲಕರು ಮತ್ತು ಶಿಕ್ಷಕ ಗೆಳೆಯರ ಮುಂದೆ ಆಡಿದ ಮಾತು)



"ಈ ಕೇರಿ ಹುಡುಗರ ತಲೆಗೆ ಏನೂ ಹತ್ತೋದಿಲ್ಲ" ಅನ್ನೋ ಮಾತನ್ನ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲ ಕಡೆ ಕೇಳಿದ್ದೇನೆ. ಅದು ಸುಳ್ಳು. ಯಾಕೆ ಸುಳ್ಳು ಅಂತ ಹೇಳೋಕೇ ಇವತ್ತು ನಿಂತಿದ್ದೇನೆ.

ಸಿರುಗುಪ್ಪದ ಕಡೆ ಒಂದು ಊರಲ್ಲಿ ಮೂರನೇ ಕ್ಲಾಸಿನ ಹುಡುಗಿ ಪಾಠವನ್ನು ಗಡಗಡ ಒಪ್ಪಿಸಿದಳು. ಅದೇ ಪಾಠದ ನಡುವಿನ ಒಂದು ಪದಕ್ಕೆ ಬೆರಳಿಟ್ಟು "ಇದೇನವ್ವ?" ಅಂದೆ. ಸುಮ್ಮನಾದಳು. ಬಾಯಿಪಾಠ ಬಂದಿತ್ತು, ಓದು ಬಂದಿರಲಿಲ್ಲ. ಅಷ್ಟುದ್ದ ಪಾಠ ನೆನಪಿಟ್ಟ ತಲೆ ದಡ್ಡ ತಲೆ ಹೇಗಾದೀತು?

ಓದು ಅಂದರೆ ಎರಡು ಕೆಲಸ. ಅಕ್ಷರ ನೋಡಿ ಉಲಿ ಹಿಡಿಯೋದು ಒಂದು, ಅರ್ಥ ತಿಳಿಯೋದು ಇನ್ನೊಂದು. ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಇದನ್ನ ಗುಣಾಕಾರದ ಲೆಕ್ಕದ ಹಾಗೆ ಹೇಳಿದರು: ಒಂದು ಸೊನ್ನೆಯಾದರೆ ಓದೂ ಸೊನ್ನೆ.

ನಮ್ಮ ಮಕ್ಕಳಿಗೆ ಎರಡೂ ಕಡೆ ಏಟು. ಕನ್ನಡಕ್ಕೆ 49 ಅಕ್ಷರ ಅಂತೀವಿ. 34 ವ್ಯಂಜನಗಳ ಕಾಗುಣಿತ ಸೇರಿಸಿದರೆ ನಾನೂರು ದಾಟ್ತದೆ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ತೋರಿಸಿದ್ದೂ ಇದೇ: ಅಕ್ಷರದ ಹಿಡಿತಕ್ಕೆ ವರ್ಷಗಳೇ ಬೇಕು, ನಾಲ್ಕನೇ ಕ್ಲಾಸಿನಲ್ಲೂ ಆ ಕಲಿಕೆ ನಡೆದಿರ್ತದೆ. ಒಂದನೇ ಕ್ಲಾಸಿಗೇ ಅಕ್ಷರ ಮುಗೀತು ಅಂದುಬಿಟ್ಟರೆ, ಮೆಣಸಿನಕಾಯಿ ಬಿಡಿಸೋಕೆ ಹೋಗಿ ತಿಂಗಳು ಶಾಲೆ ತಪ್ಪಿದ ಕೂಸು ಆ ಅಕ್ಷರವನ್ನ ಯಾರ ಹತ್ರ ಕಲೀಬೇಕು?

ಇನ್ನು ಅರ್ಥ. ನಮ್ಮ ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು. ಕನ್ನಡ ಆಡೋರೂ "ಹೋಗ್ಯಾಳ" ಅಂತಾರೆ, ಪುಸ್ತಕ "ಹೋಗಿದ್ದಾಳೆ" ಅಂತದೆ. ಮಗು ಬಾಯಿ ಬಿಟ್ಟಾಗೆಲ್ಲ "ತಪ್ಪು" ಅಂದರೆ ಅದು ಮತ್ತೆ ಬಾಯಿ ಬಿಡೋದಿಲ್ಲ.

ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸಲು ಹೊರಟರು. ಅವರ ಬದುಕಿನ ಪದವನ್ನೇ ಎತ್ತಿಕೊಂಡು, ಉಲಿಗಳಾಗಿ ಒಡೆದು, ಹೊಸ ಪದ ಕಟ್ಟಿಸಿದರು. 1964ರಲ್ಲಿ ಅಧಿಕಾರ ಕಿತ್ತುಕೊಂಡ ಸೈನ್ಯ ಅವರನ್ನು ಜೈಲಿಗೆ ಹಾಕಿತು. ಬಡವರು ಓದಿದರೆ ಯಾರಿಗೆ ಭಯ ಅಂತ ಇದರಲ್ಲೇ ಗೊತ್ತಾಗ್ತದೆ.

ಅದನ್ನೇ ಇಲ್ಲಿ ಮಾಡೋಣ. ಬೋರ್ಡಿನ ಮೇಲೆ "ಕೂಲಿ" ಅಂತ ಬರೀರಿ. ತೆಲುಗಿನಲ್ಲೂ ಅದೇ ಪದ. ಮೊದಲು ಮಕ್ಕಳು ಅದರ ಬಗ್ಗೆ ಮಾತಾಡಲಿ, ಯಾವ ಭಾಷೆಯಲ್ಲಾದರೂ ಸರಿ. ಆಮೇಲೆ ಕ, ಕಾ, ಕಿ, ಕೂ, ಕೋ; ಲ, ಲಾ, ಲಿ, ಲು ಬಿಡಿಸಿ. ಅವರೇ ಜೋಡಿಸ್ತಾರೆ: ಕಾಲು, ಕೋಲು, ಲಾಲಿ, ಕಲಿ. ನಾಳೆ "ಕಲ್ಲು" ಬರೆದು ಒತ್ತು ತೋರಿಸಿ. "ನಮ್ಮವ್ವ ಕೂಲಿಗೆ ಹೋಗ್ಯಾಳ" ಅಂತ ಮಗು ಹೇಳಿದರೆ ಹಾಗೇ ಬರೆದು ಓದಿಸಿ. ಅದರ ಕೆಳಗೆ ಪುಸ್ತಕದ ಮಾತಲ್ಲೂ ಬರೀರಿ. ಎರಡೂ ಕನ್ನಡವೇ. ಪುಸ್ತಕದ ಕನ್ನಡ ಬೇಡ ಅಂತ ನಾನು ಹೇಳ್ತಿಲ್ಲ. ಅರ್ಜಿ, ಪಹಣಿ, ನೋಟಿಸು ಎಲ್ಲ ಇರೋದು ಅದರಲ್ಲೇ. ಅದು ಬೇಕೇ ಬೇಕು.

ತಾಯಂದಿರೇ, ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಸಂಜೆ ಪುಸ್ತಕದ ನಡುವೆ ಎಲ್ಲಾದರೂ ಬೆರಳಿಟ್ಟು "ಇದೇನು ಓದು, ಹಂಗಂದ್ರೇನು ಹೇಳು" ಅನ್ನಿ. ಮಗು ತಡವರಿಸಿದರೆ ಬೈಬೇಡಿ, ಶಾಲೆಗೆ ಹೋಗಿ ಕೇಳಿ. ಓದಿದ ಯುವಕರು ದಿನಕ್ಕೊಂದು ಗಂಟೆ ಕೇರಿಗೆ ಕೊಡಲಿ. ಶಿಕ್ಷಣ, ಸಂಘಟನೆ, ಹೋರಾಟ ಅಂತೀವಲ್ಲ, ಮೊದಲನೆಯದು ಅಲ್ಲಿಂದಲೇ ಶುರುವಾಗಬೇಕು.

ಜೈ ಭೀಮ್.