ಜಾಲಲೋಕದಲ್ಲಿ ಜಮೀನಿನ ದರ ಏರಿದಾಗ



ಭೂಮಿಯ ಬೆಲೆ ಕುರಿತ ವಿಚಾರ ಸಂಕಿರಣ ತಿಪಟೂರಿನಲ್ಲಿ ನಡೆಯುವಾಗ ಮಾತು ತೆಂಗಿನ ತೋಟದಿಂದಲೇ ಶುರುವಾಗಬೇಕು. ಆದರೂ ನಾನು ಮೊದಲು ಮಣ್ಣೇ ಇಲ್ಲದ ಜಮೀನಿನ ಮಾತಾಡುತ್ತೇನೆ. ಅಲ್ಲಿ ಮಳೆ, ಇಳುವರಿ, ಪಿತ್ರಾರ್ಜಿತ, ಪಾಲು ಪಾರೀಕತ್ತು ಯಾವ ಗೋಜಲೂ ಇಲ್ಲ. ದರ ಏರಿದರೆ ಯಾರಿಗೆ ಏನಾಗುತ್ತದೆ ಎಂಬುದು ನಿಚ್ಚಳವಾಗಿ ಕಾಣುತ್ತದೆ.

ಅಮೆರಿಕದ ಲಿಂಡೆನ್ ಲ್ಯಾಬ್ ಕಂಪನಿ 2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಜಾಲಲೋಕ ತೆರೆಯಿತು. ಅಲ್ಲಿನ ಒಂದು ‘ರೀಜನ್’ 256 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 16 ಎಕರೆ 8 ಗುಂಟೆ. ಕೊಳ್ಳುವಾಗ ಒಂದು ಮೊತ್ತ, ಆಮೇಲೆ ತಿಂಗಳು ತಿಂಗಳೂ ಶುಲ್ಕ. ಜನ ಮನೆ ಕಟ್ಟಿದರು, ಅಂಗಡಿ ಇಟ್ಟರು, ತುಂಡು ಮಾಡಿ ಬಾಡಿಗೆಗೆ ಬಿಟ್ಟರು. 2006ರ ನವೆಂಬರಿನಲ್ಲಿ ಕಂಪನಿ ಹೊಸ ‘ದ್ವೀಪ’ಗಳ, ಅಂದರೆ ಪ್ರತ್ಯೇಕ ರೀಜನ್‌ಗಳ, ದರವನ್ನು 1,250ರಿಂದ 1,675 ಡಾಲರಿಗೆ, ತಿಂಗಳ ಶುಲ್ಕವನ್ನು 195ರಿಂದ 295ಕ್ಕೆ ಏರಿಸಿತು. ಮೊದಲೇ ಕೊಂಡವರಿಗೆ ಹಳೆಯ ಶುಲ್ಕವೇ ಮುಂದುವರಿಯಿತು. ಹಳಬರು ಕೂತಲ್ಲೇ ಗೆದ್ದರು. ಹೊರೆಯೆಲ್ಲ ಹೊಸಬರ ತಲೆಗೆ ಬಿತ್ತು.

ಎರಡನೆಯ ಏರಿಕೆ ಇನ್ನೂ ಬೋಧಪ್ರದ. ಕಡಲು, ಕಾಡು, ಬಯಲಿಗೆಂದು ಕಂಪನಿ ‘ಓಪನ್‌ಸ್ಪೇಸ್’ ಎಂಬ ಅಗ್ಗದ ಜಾಗ ಕೊಟ್ಟಿತ್ತು. ಪೂರ್ಣ ರೀಜನ್‌ನಲ್ಲಿ ಇಡಬಹುದಾದ ವಸ್ತುಗಳಲ್ಲಿ ಕಾಲುಭಾಗಕ್ಕಷ್ಟೇ ಅಲ್ಲಿ ಅವಕಾಶ. ತಿಂಗಳಿಗೆ 75 ಡಾಲರ್. ಜನ ಅಲ್ಲೂ ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು, ಸರ್ವರುಗಳ ಮೇಲೆ ಹೊರೆ ಹೆಚ್ಚಿತು. 2008ರ ಅಕ್ಟೋಬರಿನಲ್ಲಿ ಕಂಪನಿ, ಬರುವ ಜನವರಿಯಿಂದ ಶುಲ್ಕ 125 ಡಾಲರ್ ಎಂದು ಘೋಷಿಸಿತು. ನಿವಾಸಿಗಳು ಜಾಲಲೋಕದೊಳಗೇ ಪ್ರತಿಭಟನೆಗೆ ಇಳಿದರು. ಕಂಪನಿ ಸ್ವಲ್ಪ ಬಗ್ಗಿತು: ಮನೆ ಕಟ್ಟಿಕೊಂಡವರಿಗೆ ಮೊದಲು 95, 2009ರ ಜುಲೈಯಿಂದ 125. ಕಟ್ಟಿಕೊಂಡದ್ದನ್ನು ಬಿಟ್ಟು ಹಲವರು ಹೊರಟರು. ಹತ್ತು ವರ್ಷದ ಮೇಲೆ, 2018ರಲ್ಲಿ, ಅದೇ ಕಂಪನಿ ಪೂರ್ಣ ರೀಜನ್ನಿನ ಶುಲ್ಕವನ್ನು 295ರಿಂದ 249ಕ್ಕೆ ಇಳಿಸಿ, ಅಲ್ಲಿನ ನಾಣ್ಯ ಕೊಳ್ಳುವವರ ಮೇಲಿನ ಶುಲ್ಕ ಏರಿಸಿತು. ಜಮೀನಿನ ದರವೆಂಬುದು ಅಲ್ಲಿ ಒಂದು ಆಡಳಿತ ಮಂಡಳಿಯ ತೀರ್ಮಾನವಾಗಿತ್ತು. ನಿವಾಸಿಗೆ ಉಳಿದಿದ್ದ ದಾರಿ ಎರಡೇ: ಶುಲ್ಕ ಕಟ್ಟು, ಇಲ್ಲ ಬಿಟ್ಟು ಹೋಗು.

2021ರಲ್ಲಿ ಬಂದ ಅಲೆ ಬೇರೆ ಬಗೆಯದು. ‘ಡಿಸೆಂಟ್ರಲ್ಯಾಂಡ್’ ಎಂಬ ಲೋಕದಲ್ಲಿ ನಿವೇಶನಗಳ ಸಂಖ್ಯೆಗೇ ಮಿತಿ ಹಾಕಿದ್ದರು. ಒಂದೊಂದು 16 ಮೀಟರ್ ಚೌಕ. ನಮ್ಮ ಎರಡು 30×40 ಸೈಟಿಗಿಂತ ತುಸು ದೊಡ್ಡದು. ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ‘ಮೆಟಾ’ ಎಂದು ಹೆಸರು ಬದಲಿಸಿದ್ದೇ ತಡ, ದರ ಗಗನಕ್ಕೇರಿತು. ನವೆಂಬರಿನಲ್ಲಿ 116 ನಿವೇಶನಗಳ ಒಂದು ಆಸ್ತಿ ಸುಮಾರು 24 ಲಕ್ಷ ಡಾಲರಿಗೆ ಮಾರಾಟವಾಯಿತು. 2022ರಲ್ಲಿ ಮಾರುಕಟ್ಟೆ ನೆಲಕಚ್ಚಿತು. ಕೊಂಡವರಲ್ಲಿ ಬಹುಪಾಲು ಮಂದಿ ಮಾರಲಿಕ್ಕೆಂದೇ ಕೊಂಡಿದ್ದರೆ ಬೆಲೆಗೆ ಆಧಾರವೆಲ್ಲಿ?

ಈಗ ನಮ್ಮ ಸೀಮೆಗೆ ಬರೋಣ. ಧಾನ್ಯದ ಬೆಲೆ ಏರಿದ್ದರಿಂದ ಗೇಣಿ ಏರುತ್ತದೆಯೇ ಹೊರತು ಗೇಣಿ ಏರಿದ್ದರಿಂದ ಧಾನ್ಯ ತುಟ್ಟಿಯಾಗುವುದಿಲ್ಲ ಎಂದು ಡೇವಿಡ್ ರಿಕಾರ್ಡೊ 1817ರಲ್ಲೇ ವಾದಿಸಿದ್ದ. ಆ ಲೆಕ್ಕ ಇಲ್ಲಿ ನಿಲ್ಲುತ್ತದೆಯೇ? 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಕೊಬ್ಬರಿ ಬಿದ್ದ ವರ್ಷ ಹೆದ್ದಾರಿ ಪಕ್ಕದ ಸೈಟಿನ ದರವೂ ಬಿದ್ದಿತೇ? ಉತ್ತರ ಈ ಸಭೆಗೇ ಗೊತ್ತು.

ತೆಂಗಿನ ಸಸಿ ನೆಟ್ಟು ಫಲ ಕಾಣಲು ಆರೇಳು ವರ್ಷ ಬೇಕು. ಕಾಯಿ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಒಣಗಬೇಕು. ಅಲ್ಲಾಡಿಸಿದರೆ ಗಿಟುಕು ಒಳಗೆ ಸದ್ದು ಮಾಡಬೇಕು. ಆಮೇಲೆ ಸುಲಿದು, ಕರಟ ಒಡೆದು ಮಾರುಕಟ್ಟೆಗೆ ಒಯ್ಯಬೇಕು. ಇಷ್ಟು ಕಾಯುವವನೂ, ಒಂದು ನೋಂದಣಿಯಲ್ಲಿ ಕೈ ಬದಲಾಯಿಸಿ ಹೋಗುವವನೂ ಒಂದೇ ಜಮೀನಿಗೆ ದರ ಕೂಗಿದರೆ ಗೆಲ್ಲುವವನು ಯಾರು? ಇಲ್ಲೂ ದರವನ್ನು ತೀರ್ಮಾನಗಳೇ ಎತ್ತುತ್ತವೆ: ರಸ್ತೆ ಎಲ್ಲಿ ಹಾಯಬೇಕು, ಭೂ ಪರಿವರ್ತನೆ ಯಾರಿಗೆ ಸಿಗಬೇಕು, ಕೃಷಿ ಭೂಮಿಯನ್ನು ಯಾರು ಕೊಳ್ಳಬಹುದು. ಕೃಷಿಕರಲ್ಲದವರಿಗೂ ಬಾಗಿಲು ತೆರೆದದ್ದು 2020ರ ಭೂಸುಧಾರಣಾ ತಿದ್ದುಪಡಿ.

ಜಾಲಲೋಕಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯಡಿ ಗೇಣಿದಾರ ಫಾರಂ 7 ತುಂಬಿ ತಾನು ಉಳುವ ಹೊಲದ ಹಕ್ಕು ಕೇಳಬಹುದಾಗಿತ್ತು. ಸೆಕೆಂಡ್ ಲೈಫಿನ ಬಾಡಿಗೆದಾರನಿಗೆ ಅಂಥ ಫಾರಂ ಇರಲಿಲ್ಲ. ದರ ಏರಿಕೆಯ ಪೆಟ್ಟು ಎಷ್ಟೆಂಬುದು ದರಕ್ಕಿಂತ ಹೆಚ್ಚಾಗಿ ಹಕ್ಕಿನ ಮೇಲೆ ನಿಂತಿದೆ. ನನ್ನ ಮಾತಿನ ಸಾರ ಇಷ್ಟೇ.

ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ: ‘ಬೆಲೆ ಎಷ್ಟು ಏರಿತು’ ಎಂಬಲ್ಲಿಗೆ ನಿಲ್ಲಿಸಬೇಡಿ. ಏರಿಸಿದವರು ಯಾರು, ಏರಿದ್ದು ಯಾರ ಕೈ ಸೇರಿತು, ಬಿಟ್ಟು ಹೋದವರು ಯಾರು ಎಂದು ಕೇಳಿ. ವಿದ್ಯಾರ್ಥಿಗಳು ಉಪನೋಂದಣಾಧಿಕಾರಿ ಕಚೇರಿಯ ದರಪಟ್ಟಿಯನ್ನೂ ಎಪಿಎಂಸಿಯ ಕೊಬ್ಬರಿ ಧಾರಣೆಯನ್ನೂ ಅಕ್ಕಪಕ್ಕ ಇಟ್ಟು, ವರ್ಷ ವರ್ಷದ ಲೆಕ್ಕ ಬರೆಯಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿಗೂ ಅಂಥದೊಂದು ಲೆಕ್ಕಪುಸ್ತಕ ಈ ಸಂಕಿರಣದಿಂದ ಹುಟ್ಟಲಿ ಎಂದು ಹಾರೈಸುತ್ತೇನೆ.