ಆಸಿಡ್ ಚೆಲ್ಲಿದರೆ ಒರೆಸೋದು ಯಾರು?

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬ್‌ನಲ್ಲಿ ಹೈಡ್ರೋಜನ್ ಸಿಲಿಂಡರ್ ಸ್ಫೋಟವಾಯಿತು. ಒಬ್ಬ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ಅವತ್ತು ಅದು ದೊಡ್ಡ ಸುದ್ದಿ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಯಾವುದೋ ಪಿಯು ಕಾಲೇಜಿನಲ್ಲಿ ಆಸಿಡ್ ಬಾಟಲಿ ಕೈಜಾರಿ ಬಿದ್ದರೆ? ಅದು ಬ್ರೇಕಿಂಗ್ ನ್ಯೂಸ್ ಆಗಲ್ಲ. ‘ಯಾರಾದ್ರೂ ಬಂದು ಒರೆಸ್ರಪ್ಪಾ’ ಅಂತ ಒಂದು ಕೂಗು, ಅಷ್ಟೇ.

ಒರೆಸೋಕೆ ಬರೋದು ಯಾರು? ಅಟೆಂಡರ್ ಅಣ್ಣ, ಇಲ್ಲಾ ಕಸ ಗುಡಿಸೋ ಅಕ್ಕ. ಕೆಮಿಸ್ಟ್ರಿ ಪ್ರಾಕ್ಟಿಕಲ್‌ಗೆ 30 ಅಂಕ ಇದೆ, ಮಕ್ಕಳಿಗೆ ಪಾಠ ಆಗಿರುತ್ತೆ. ಆ ಅಕ್ಕನಿಗೆ ಯಾರು ಪಾಠ ಮಾಡಿದ್ದಾರೆ ಸ್ವಾಮಿ?

ಅವರು ತಮಗೆ ಗೊತ್ತಿದ್ದನ್ನೇ ಮಾಡ್ತಾರೆ. ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ. ಆಸಿಡ್‌ಗೆ ಅದು ಸೇರಿದರೆ ಹೊರಬರೋದು ಕ್ಲೋರಿನ್, 1915ರಲ್ಲಿ ಮಹಾಯುದ್ಧದ ಸೈನಿಕರನ್ನು ಕೊಂದ ಅದೇ ಅನಿಲ. ಮರದ ಹೊಟ್ಟು ಹಾಕ್ತಾರೆ. ಗಾಢ ನೈಟ್ರಿಕ್ ಆಸಿಡ್ ತಗುಲಿದರೆ ಹೊಟ್ಟಿಗೆ ಬೆಂಕಿಯೇ ಹತ್ತಬಹುದು. ಬಕೆಟ್ ನೀರು ಸುರೀತಾರೆ. ಗಾಢ ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಬಿದ್ದರೆ ಕುದ್ದು ಮುಖಕ್ಕೇ ಸಿಡಿಯುತ್ತೆ.

ಹಾಗಾದ್ರೆ ಏನು ಮಾಡ್ಬೇಕು? ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಬರ್ನರ್ ಆರಿಸಿ, ಕಿಟಕಿ ತೆಗೆಯಿರಿ. ದಪ್ಪ ರಬ್ಬರ್ ಗ್ಲೌಸ್, ಕನ್ನಡಕ, ಬೂಟು ಹಾಕಿಕೊಳ್ಳಿ. ಚೆಲ್ಲಿದ ಆಸಿಡ್ ಸುತ್ತ ಒಣ ಮರಳಿನ ಕಟ್ಟೆ ಕಟ್ಟಿ. ಅಂಚಿನಿಂದ ನಡುವಿಗೆ ಸ್ವಲ್ಪಸ್ವಲ್ಪವೇ ಅಡುಗೆ ಸೋಡಾ ಹಾಕಿ. ನೊರೆ ಬರೋದು ಪೂರ್ತಿ ನಿಂತ ಮೇಲೆ ಪ್ಲಾಸ್ಟಿಕ್ ಮೊರದಲ್ಲಿ ಎತ್ತಿ, ಆಮೇಲೆ ನೀರಲ್ಲಿ ತೊಳೆಯಿರಿ. ದೊಡ್ಡ ಬಾಟಲಿಯೇ ಒಡೆದು ಹೊಗೆ ಎದ್ದರೆ ಸಾಹಸ ಬೇಡ. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ, 112ಕ್ಕೆ ಫೋನ್ ಮಾಡಿ.

ಮೈಮೇಲೆ ಬಿದ್ದರೆ ಸೋಡಾ ಹಚ್ಚಬೇಡಿ. ಆಸಿಡ್ ಬಿದ್ದ ಬಟ್ಟೆ ತೆಗೆದು, ಕನಿಷ್ಠ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೂ ಅಷ್ಟೇ. ಈಗ ಅಸಲಿ ಪ್ರಶ್ನೆ: ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ, ನಿಮ್ಮೂರ ಲ್ಯಾಬಿನ ನಲ್ಲಿ ತಿರುಗಿಸಿದರೆ 15 ನಿಮಿಷ ನೀರು ಬರುತ್ತಾ? ಬರದಿದ್ದರೆ ಒಂದು ತುಂಬಿದ ಡ್ರಮ್ಮು, ಒಂದು ಮಗ್ಗು ಇದೆಯಾ? ಗಾಯ ದೊಡ್ಡದಾದರೆ ಬಳ್ಳಾರಿಗೋ ದಾವಣಗೆರೆಗೋ ಓಡಬೇಕು. ದೊಡ್ಡಾಸ್ಪತ್ರೆ ದೂರ, ನೀರು ಹತ್ತಿರ ಇರಲೇಬೇಕು.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಒಂದು ಬಕೆಟ್ ಮರಳು, ಎರಡು ಕೆಜಿ ಸೋಡಾ, ಗ್ಲೌಸ್, ಕನ್ನಡಕ, ಬೂಟು, ನೀರಿನ ಡ್ರಮ್ಮು. ಜೊತೆಗೆ ಒಂದು ಗಂಟೆಯ ತರಬೇತಿ, ಮೊದಲು ಅಟೆಂಡರ್‌ಗೆ, ಆಮೇಲೆ ಉಳಿದವರಿಗೆ. ಪೋಷಕರೇ, ಕಾಲೇಜಿಗೆ ಹೋದಾಗ ಮಗನ ಮಾರ್ಕ್ಸ್ ಕೇಳೋ ಮುಂಚೆ ಇದನ್ನು ಕೇಳಿ. ಒರೆಸೋ ಕೈಯೂ ಒಬ್ಬರ ಮನೆಯ ಅನ್ನದ ಕೈ.