ಯಾವ ಬಾಗಿಲು, ಎಷ್ಟು ದಿನ

ಉಮದಿ, ಸಂಖ, ಬಾಲಗಾಂವ, ಬಿಳೂರ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದಿರುವ ಗುರುಬಂಧುಗಳೇ, ಅಂಗನವಾಡಿಯ ಅಕ್ಕಂದಿರೇ, ಕಚೇರಿಗಳ ಗೆಳೆಯರೇ,

ನೀವು ಕೊಟ್ಟ ಈ ಅಧ್ಯಕ್ಷ ಪೀಠದಿಂದ ಒಂದೇ ಮಾತು ಹೇಳುತ್ತೇನೆ. ನೌಕರಿಯಲ್ಲಿ ಅನ್ಯಾಯವಾದಾಗ ನಮ್ಮ ಮಂದಿ ಸೋಲುವುದು ನ್ಯಾಯ ತಮ್ಮ ಕಡೆ ಇಲ್ಲದೆ ಅಲ್ಲ. ತಪ್ಪು ಬಾಗಿಲು ತಟ್ಟಿ, ದಿನ ಮೀರಿಸಿ ಸೋಲುತ್ತಾರೆ.

ಗಡಿಯವರಾದ ನಮಗೆ ಈ ತೊಡಕು ಇನ್ನೂ ಹೆಚ್ಚು. ಓದುವ ಪತ್ರಿಕೆ ಕನ್ನಡದ್ದು, ಬೀಗರು ವಿಜಯಪುರದವರು. ಬದಲಿ ಆದೇಶ ಬಂತೆಂದರೆ ಅಲ್ಲಿಯ ಭಾವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ, ಅಂದರೆ ಕೆಎಟಿಯ, ಬೆಳಗಾವಿ ಪೀಠದ ದಾರಿ ತೋರಿಸುತ್ತಾನೆ. ಅವನಿಗೆ ಅದು ಸರಿ. ನಮಗೆ ಸಂಬಳ ಕೊಡುವುದು ಮಹಾರಾಷ್ಟ್ರ, ನಿಯಮವೂ ಇಲ್ಲಿಯದೇ.

ತಹಸೀಲ್ದಾರ ಕಚೇರಿ, ಪೊಲೀಸ್ ಮೊದಲಾದ ರಾಜ್ಯ ಸರ್ಕಾರದ ನೌಕರರಿಗೆ 1991ರಿಂದ ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿ, ಅಂದರೆ ಮ್ಯಾಟ್ ಇದೆ. ಸಾಂಗಲಿ ಜಿಲ್ಲೆಯವರಾದ ನಮಗೆ ಮುಂಬೈ ಪೀಠ. ಮೊದಲು ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬೇಕು. ಅದರ ಮೇಲೆ ಅಂತಿಮ ಆದೇಶ ಬಂದರೆ, ಮ್ಯಾಟ್‌ಗೆ ಹೋಗಲು ಅಂದಿನಿಂದ ಒಂದು ವರ್ಷ. ಆರು ತಿಂಗಳಾದರೂ ಆದೇಶ ಬರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಜಿಲ್ಲಾ ಪರಿಷದ್ ಶಿಕ್ಷಕರು, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಮ್ಯಾಟ್ ನಮ್ಮದಲ್ಲ. ನಾವು ಸರ್ಕಾರದ ಸಂಬಳ ಉಂಡರೂ ಕಾನೂನಿನ ಕಣ್ಣಲ್ಲಿ ಪರಿಷದ್ದಿನ ನೌಕರರು. 1964ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳು ನಮಗೆ ಅನ್ವಯ. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಶಿಕ್ಷೆ ಕೊಟ್ಟರೆ ಪುಣೆಯ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಹೈಕೋರ್ಟು. ಹೈಕೋರ್ಟು ಅಂದಾಗ ಎಷ್ಟು ಮಂದಿಯ ಎದೆ ಒಡೆದಿತ್ತು! ಮುಂಬೈಗೆ ರಾತ್ರಿ ಬಸ್ಸು, ವಸತಿ, ರಜೆ, ವಕೀಲರ ಶುಲ್ಕ. 2025ರ ಆಗಸ್ಟ್ 18ರಿಂದ ಬಾಂಬೆ ಹೈಕೋರ್ಟಿನ ಪೀಠ ಕೊಲ್ಹಾಪುರದಲ್ಲೇ ಕೆಲಸ ಶುರು ಮಾಡಿದೆ, ಸಾಂಗಲಿ ಸೇರಿ ಆರು ಜಿಲ್ಲೆಗಳಿಗೆ. ಇದಕ್ಕಾಗಿ ದಶಕಗಳ ಕಾಲ ಹೋರಾಡಿದ ಈ ಭಾಗದ ವಕೀಲರಿಗೆ ಕೈ ಮುಗಿಯುತ್ತೇನೆ.

ಅನುದಾನಿತ ಖಾಸಗಿ ಶಾಲೆಯವರು ಎಚ್ಚರದಿಂದ ಕೇಳಿರಿ. 1977ರ ಖಾಸಗಿ ಶಾಲಾ ನೌಕರರ ಕಾಯ್ದೆಯಂತೆ ನಿಮ್ಮ ಬಾಗಿಲು ಶಾಲಾ ನ್ಯಾಯಮಂಡಳಿ. ವಜಾ ಆದೇಶ ಕೈಗೆ ಬಂದ ದಿನದಿಂದ ಮೂವತ್ತೇ ದಿನ. ‘ಸಂಸ್ಥೆಯವರ ಜತೆ ಮಾತಾಡಿ ನೋಡೋಣ’ ಅನ್ನುವುದರೊಳಗೆ ಅವು ಕರಗಿಬಿಡುತ್ತವೆ. ಅಂಗನವಾಡಿಯ ಅಕ್ಕಂದಿರಿಗೆ ಗ್ರಾಚ್ಯುಟಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರಲ್ಲೇ ಹೇಳಿದೆ. ಅಮಾನತ್ತಾಗಿ ಮೂರು ತಿಂಗಳಲ್ಲಿ ದೋಷಾರೋಪ ಪಟ್ಟಿ ಕೊಡದಿದ್ದರೆ ಅಮಾನತ್ತು ಮುಂದುವರಿಸಬಾರದೆಂದು ಅದೇ ಕೋರ್ಟಿನ 2015ರ ತೀರ್ಪಿದೆ.

ರೊಕ್ಕದ ಚಿಂತೆಯೆ? 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ನನ್ನದೇ ಒಂದು ಮಾತು. ಒಂದು ಕಚೇರಿಯಲ್ಲಿ ನನ್ನ ವೇತನ ಬಡ್ತಿ ಸೇವಾ ಪುಸ್ತಕಕ್ಕೆ ಏರದೆ ನಾಲ್ಕು ವರ್ಷ ಬಿದ್ದಿತ್ತು. ‘ಆಗತದ ಗುರೂಜಿ’ ಅನ್ನುವ ಮಾತು ನಂಬಿದೆ. ಬರೆದು ಕೊಟ್ಟ ಅರ್ಜಿ ಇರಲಿಲ್ಲ, ಪೋಚ್, ಅಂದರೆ ಸ್ವೀಕೃತಿ, ಇರಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಸೇವಾ ಪುಸ್ತಕದ ಪ್ರತಿ ಕೇಳಿದ ಮೇಲೆಯೇ ಕಾಗದ ಅಲುಗಾಡಿತು.

ಆದುದರಿಂದ ಮಧ್ಯಾಹ್ನದ ಗೋಷ್ಠಿಯನ್ನು ಭಾಷಣಕ್ಕೆ ಬಿಡುವುದಿಲ್ಲ. ಮರಾಠಿ ಬರೆಹ ಚೆನ್ನಾಗಿ ಬಲ್ಲ ಐದಾರು ಜನ ಮುಂದಿನ ಸಾಲಿಗೆ ಬರಲಿ. ಆದೇಶದ ಪ್ರತಿ ತಂದವರು ಅವರ ಪಕ್ಕ ಕೂತು, ಊಟವಾದ ಕೂಡಲೇ ಅರ್ಜಿ ಬರೆಸಿಕೊಳ್ಳಿರಿ.